ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಸಂಯುಕ್ತ ಪ್ರತಿಜೀವಕ: ಉಪಯೋಗ ಮತ್ತು ಸುರಕ್ಷತೆ

(ಬೊಮ್ಮಸಂದ್ರ ಕೈಗಾರಿಕಾ ಪ್ರದೇಶದ ಕಾರ್ಮಿಕರು ಹಾಗೂ ನಿವಾಸಿಗಳ ಮಾಹಿತಿಗಾಗಿ)

1. ಪೀಠಿಕೆ

ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿಗೆ ಸೇರಿದ ಬೊಮ್ಮಸಂದ್ರವು ಹೊಸೂರು ರಸ್ತೆಯ ಪ್ರಮುಖ ಕೈಗಾರಿಕಾ ಪ್ರದೇಶಗಳಲ್ಲಿ ಒಂದಾಗಿದೆ. ಇಲ್ಲಿನ ಹಾಗೂ ಸಮೀಪದ ಹೆಬ್ಬಗೋಡಿ, ಚಂದಾಪುರ, ಜಿಗಣಿ ಪ್ರದೇಶಗಳ ಕಾರ್ಖಾನೆಗಳಲ್ಲಿ ರಾಜ್ಯದ ವಿವಿಧ ಜಿಲ್ಲೆಗಳಿಂದಲೂ ಹೊರ ರಾಜ್ಯಗಳಿಂದಲೂ ಬಂದಿರುವ ಕಾರ್ಮಿಕರು ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದಾರೆ. ಜ್ವರ, ಕೆಮ್ಮು, ಹಲ್ಲುನೋವು ಅಥವಾ ಗಾಯವಾದ ಸಂದರ್ಭದಲ್ಲಿ ರಜೆ ಹಾಕಿದರೆ ಆ ದಿನದ ಸಂಬಳ ಹೋಗುವುದೆಂಬ ಆತಂಕದಿಂದ ಅನೇಕರು ವೈದ್ಯರ ಬಳಿಗೆ ಹೋಗದೆ, ಪಾಳಿ ಮುಗಿಸಿ ಬರುವ ದಾರಿಯಲ್ಲಿ ಔಷಧಿ ಅಂಗಡಿಯಿಂದ ಎರಡು ಅಥವಾ ಮೂರು ಮಾತ್ರೆ ಖರೀದಿಸಿ ಸೇವಿಸುವುದು ರೂಢಿಯಾಗಿದೆ. ಹೀಗೆ ಬಿಡಿಯಾಗಿ ಖರೀದಿಸಲ್ಪಡುವ ಔಷಧಗಳಲ್ಲಿ ‘ಸಿಕ್ಸ್ ಟ್ವೆಂಟಿ ಫೈವ್’ ಎಂದೇ ಜನರು ಕರೆಯುವ ಅಮಾಕ್ಸಿಸಿಲಿನ್–ಕ್ಲಾವುಲನೇಟ್ ಮಾತ್ರೆಯೂ ಸೇರಿದೆ.

ಇದು ಉತ್ತಮ ಔಷಧ. ಸರಿಯಾದ ರೋಗಕ್ಕೆ, ಸರಿಯಾದ ಪ್ರಮಾಣದಲ್ಲಿ ನೀಡಿದಾಗ ಪ್ರಾಣ ಉಳಿಸುತ್ತದೆ. ಆದರೆ ಅಗತ್ಯವಿಲ್ಲದಾಗ ಸೇವಿಸಿದರೆ ರೋಗ ಗುಣವಾಗುವುದಿಲ್ಲ. ಬದಲಾಗಿ ಸೇವಿಸಿದವರಿಗೆ ಅಡ್ಡ ಪರಿಣಾಮವೂ, ಇಡೀ ಪ್ರದೇಶಕ್ಕೆ ಔಷಧವೇ ನಾಟದಂತಹ ಸ್ಥಿತಿಯೂ ಒದಗುತ್ತದೆ. ಆದಕಾರಣ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಈ ಔಷಧದಲ್ಲಿ ಏನಿದೆ?

ಸದರಿ ಮಾತ್ರೆಯಲ್ಲಿ ಎರಡು ಔಷಧಗಳಿವೆ.

(ಅ) ಅಮಾಕ್ಸಿಸಿಲಿನ್: ಇದು ಪೆನಿಸಿಲಿನ್ ವರ್ಗಕ್ಕೆ ಸೇರಿದ ಪ್ರತಿಜೀವಕ, ಅಂದರೆ ಆಂಟಿಬಯೋಟಿಕ್. ಬ್ಯಾಕ್ಟೀರಿಯಾಗಳು ತಮ್ಮ ಹೊರಗೋಡೆಯನ್ನು ಕಟ್ಟಿಕೊಳ್ಳದಂತೆ ತಡೆದು ಅವುಗಳನ್ನು ಕೊಲ್ಲುತ್ತದೆ.

(ಆ) ಕ್ಲಾವುಲಾನಿಕ್ ಆಮ್ಲ: ಇದು ಪೊಟ್ಯಾಸಿಯಂ ಕ್ಲಾವುಲನೇಟ್ ರೂಪದಲ್ಲಿರುತ್ತದೆ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಶಕ್ತಿ ಇದಕ್ಕೆ ಬಹಳ ಕಡಿಮೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಲ್ಯಾಕ್ಟಮೇಸ್ ಎಂಬ ಕಿಣ್ವವನ್ನು ಉತ್ಪಾದಿಸಿ ಅಮಾಕ್ಸಿಸಿಲಿನ್ ಅನ್ನು ನಾಶಪಡಿಸುತ್ತವೆ. ಆ ಕಿಣ್ವವನ್ನು ಕಟ್ಟಿಹಾಕಿ ಅಮಾಕ್ಸಿಸಿಲಿನ್ ಅನ್ನು ಕಾಪಾಡುವುದು ಕ್ಲಾವುಲಾನಿಕ್ ಆಮ್ಲದ ಕಾರ್ಯ.

ಸಂಕ್ಷಿಪ್ತವಾಗಿ ಹೇಳುವುದಾದರೆ, ಒಂದು ಔಷಧ ಕೆಲಸ ಮಾಡುತ್ತದೆ, ಮತ್ತೊಂದು ಅದಕ್ಕೆ ಕಾವಲು ನಿಲ್ಲುತ್ತದೆ.

ಪೆನಿಸಿಲಿನ್ 1928ರಲ್ಲಿ ಪತ್ತೆಯಾಯಿತು. ಅದನ್ನು ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ ಅವರೇ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿದ ಸಂದರ್ಭದಲ್ಲಿ, ಜನರು ತಾವಾಗಿಯೇ ಕಡಿಮೆ ಪ್ರಮಾಣದಲ್ಲಿ ಸೇವಿಸಿದರೆ ಸೂಕ್ಷ್ಮಾಣುಗಳು ಅದಕ್ಕೆ ಒಗ್ಗಿಕೊಳ್ಳುವ ಅಪಾಯವಿದೆಯೆಂದು ಎಚ್ಚರಿಸಿದ್ದರು. ಆ ಎಚ್ಚರಿಕೆ ನಿಜವಾಯಿತು. 1970ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸ್ಟ್ರೆಪ್ಟೊಮೈಸಿಸ್ ಕ್ಲಾವುಲಿಜೆರಸ್ ಎಂಬ ಸೂಕ್ಷ್ಮಜೀವಿಯಿಂದ ಕ್ಲಾವುಲಾನಿಕ್ ಆಮ್ಲವನ್ನು ಪಡೆದರು. ಎರಡನ್ನೂ ಸೇರಿಸಿದ ಮಾತ್ರೆ 1981ರಲ್ಲಿ ಆ ದೇಶದ ಮಾರುಕಟ್ಟೆಗೆ ಬಂದಿತು. ಅದೇ ವರ್ಷ ಬೆಂಗಳೂರಿನಲ್ಲಿ ಸಾರ್ವಜನಿಕ ವಲಯದ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಸಂಸ್ಥೆಯೂ ಸ್ಥಾಪನೆಯಾಯಿತು. ಅದರ ಕಾರ್ಖಾನೆ ಪೀಣ್ಯದಲ್ಲಿದೆ.

ಅಂದರೆ, ಹಳೆಯ ಔಷಧದ ಬಲ ಕುಂದಿದ್ದರಿಂದ ಈ ಸಂಯುಕ್ತ ಔಷಧದ ಅಗತ್ಯ ಬಿದ್ದಿತು. ಈ ಕಾವಲನ್ನೂ ದಾಟಬಲ್ಲ ಬ್ಯಾಕ್ಟೀರಿಯಾಗಳು ಈಗ ಕಾಣಿಸಿಕೊಂಡಿವೆ ಎಂಬುದನ್ನು ಸಾರ್ವಜನಿಕರು ಗಮನಿಸತಕ್ಕದ್ದು.

3. ಮಾತ್ರೆಯ ಮೇಲಿರುವ ಅಂಕಿಗಳ ಅರ್ಥ

ಮಾತ್ರೆಯ ಹೆಸರಿನ ಮುಂದಿರುವ ಅಂಕಿಯು ಎರಡು ಔಷಧಗಳ ಒಟ್ಟು ಮೊತ್ತ. ವಿವರ ಹೀಗಿದೆ:

• 375 = ಅಮಾಕ್ಸಿಸಿಲಿನ್ 250 ಮಿ.ಗ್ರಾಂ + ಕ್ಲಾವುಲಾನಿಕ್ ಆಮ್ಲ 125 ಮಿ.ಗ್ರಾಂ
• 625 = ಅಮಾಕ್ಸಿಸಿಲಿನ್ 500 ಮಿ.ಗ್ರಾಂ + ಕ್ಲಾವುಲಾನಿಕ್ ಆಮ್ಲ 125 ಮಿ.ಗ್ರಾಂ
• 1 ಗ್ರಾಂ = ಅಮಾಕ್ಸಿಸಿಲಿನ್ 875 ಮಿ.ಗ್ರಾಂ + ಕ್ಲಾವುಲಾನಿಕ್ ಆಮ್ಲ 125 ಮಿ.ಗ್ರಾಂ

ಮೂರರಲ್ಲಿಯೂ ಕ್ಲಾವುಲಾನಿಕ್ ಆಮ್ಲದ ಪ್ರಮಾಣ ಒಂದೇ ಆಗಿರುವುದನ್ನು ಗಮನಿಸುವುದು. ಆದ್ದರಿಂದ 625ರ ಮಾತ್ರೆ ಸಿಗದಿದ್ದಾಗ 375ರ ಎರಡು ಮಾತ್ರೆಗಳನ್ನು ಅದರ ಬದಲಿಗೆ ಸೇವಿಸುವುದು ಸರಿಯಲ್ಲ. ಹಾಗೆ ಮಾಡಿದಲ್ಲಿ ಅಮಾಕ್ಸಿಸಿಲಿನ್ 500 ಮಿ.ಗ್ರಾಂ ಸರಿಹೊಂದಿದರೂ ಕ್ಲಾವುಲಾನಿಕ್ ಆಮ್ಲ 250 ಮಿ.ಗ್ರಾಂ ಆಗಿ ದುಪ್ಪಟ್ಟಾಗುತ್ತದೆ. ಭೇದಿ, ಹೊಟ್ಟೆ ತೊಳಸುವಿಕೆ ಹೆಚ್ಚುತ್ತದೆ.

ಇದೇ ಔಷಧವನ್ನು ಹಲವು ಕಂಪನಿಗಳು ಬೇರೆ ಬೇರೆ ಹೆಸರಿನಲ್ಲಿ ತಯಾರಿಸುತ್ತವೆ. ಹೆಸರಿನ ಕೊನೆಯಲ್ಲಿ ‘ಸಿವಿ’ ಅಥವಾ ‘ಕ್ಲಾವ್’ ಎಂದಿರುವುದು ಸಾಮಾನ್ಯ. ಹಲ್ಲಿನ ವೈದ್ಯರು ಒಂದು ಹೆಸರಿನಲ್ಲಿ, ಗಂಟಲಿನ ವೈದ್ಯರು ಮತ್ತೊಂದು ಹೆಸರಿನಲ್ಲಿ ಇದೇ ಔಷಧವನ್ನು ಬರೆದಿರಬಹುದು. ಎರಡನ್ನೂ ಒಟ್ಟಿಗೆ ಸೇವಿಸದಂತೆ ಸ್ಟ್ರಿಪ್‌ನ ಮೇಲಿನ ಮೂಲ ಹೆಸರನ್ನು ಓದಿ ನೋಡುವುದು. ಓದಲಾಗದಿದ್ದಲ್ಲಿ ಫಾರ್ಮಸಿಸ್ಟರನ್ನು ಕೇಳುವುದು.

4. ಯಾವ ರೋಗಗಳಲ್ಲಿ ಉಪಯುಕ್ತ?

ವೈದ್ಯರು ಪರೀಕ್ಷಿಸಿದ ನಂತರ ಸಾಮಾನ್ಯವಾಗಿ ಈ ಕೆಳಕಂಡ ಸಂದರ್ಭಗಳಲ್ಲಿ ಇದನ್ನು ಬರೆಯುತ್ತಾರೆ:

• ಬ್ಯಾಕ್ಟೀರಿಯಾದಿಂದ ಉಂಟಾದ ಸೈನಸ್ ಸೋಂಕು ಹಾಗೂ ಕಿವಿಯ ಒಳಭಾಗದ ಸೋಂಕು
• ಕೆಲವು ವಿಧದ ನ್ಯುಮೋನಿಯಾ ಮತ್ತು ಹಳೆಯ ಶ್ವಾಸಕೋಶ ರೋಗ ಉಲ್ಬಣಗೊಂಡಾಗ
• ಹಲ್ಲಿನ ಬುಡದಲ್ಲಿ ಕೀವು ತುಂಬಿ ಮುಖ ಊದಿಕೊಂಡಾಗ
• ನಾಯಿ, ಬೆಕ್ಕು ಅಥವಾ ಮನುಷ್ಯರ ಕಡಿತದಿಂದಾದ ಗಾಯಗಳಲ್ಲಿ
• ಚರ್ಮದ ಕೆಲವು ಸೋಂಕುಗಳು ಮತ್ತು ಮೂತ್ರ ಪರೀಕ್ಷೆಯ ವರದಿಯ ಆಧಾರದ ಮೇಲೆ ಮೂತ್ರನಾಳದ ಸೋಂಕು

ನಾಯಿ ಕಡಿತದ ಬಗ್ಗೆ ವಿಶೇಷ ಸೂಚನೆ: ರಾತ್ರಿ ಪಾಳಿ ಮುಗಿಸಿ ನಡೆದು ಬರುವವರಿಗೆ ಬೀದಿನಾಯಿ ಕಚ್ಚುವ ಸಂಭವ ಇರುತ್ತದೆ. ಗಾಯಕ್ಕೆ ಕೀವು ಆಗದಂತೆ ಈ ಔಷಧ ನೆರವಾಗಬಹುದು. ಆದರೆ ರೇಬಿಸ್ ರೋಗವನ್ನು ಇದು ಎಷ್ಟು ಮಾತ್ರಕ್ಕೂ ತಡೆಯುವುದಿಲ್ಲ. ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ತೆರಳಿ ರೇಬಿಸ್ ನಿರೋಧಕ ಚುಚ್ಚುಮದ್ದನ್ನು ಪಡೆಯತಕ್ಕದ್ದು. ರೇಬಿಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಅತ್ಯಂತ ವಿರಳ.

ಅದೇ ರೀತಿ ಯಂತ್ರದಿಂದ ಕೈಗೆ ಗಾಯವಾದಾಗ ಗಾಯವನ್ನು ಶುದ್ಧಗೊಳಿಸುವುದು ಮತ್ತು ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳುವುದು ಮೊದಲ ಕೆಲಸ. ಎಲ್ಲ ಗಾಯಗಳಿಗೂ ಪ್ರತಿಜೀವಕದ ಅಗತ್ಯವಿರುವುದಿಲ್ಲ.

5. ಯಾವ ರೋಗಗಳಲ್ಲಿ ಉಪಯೋಗವಿಲ್ಲ?

ಪ್ರತಿಜೀವಕಗಳು ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ. ವೈರಸ್‌ಗಳ ಮೇಲೆ ಕೆಲಸ ಮಾಡುವುದಿಲ್ಲ.

• ನೆಗಡಿ, ಫ್ಲೂ, ಕೋವಿಡ್: ಇವು ವೈರಸ್‌ನಿಂದ ಬರುವ ರೋಗಗಳು. ಮೂಗಿನಿಂದ ಹಳದಿ ಅಥವಾ ಹಸಿರು ಸಿಂಬಳ ಬಂದ ಮಾತ್ರಕ್ಕೆ ಪ್ರತಿಜೀವಕ ಬೇಕೆಂದು ಅರ್ಥವಲ್ಲ.
• ಡೆಂಗಿ ಮತ್ತು ಚಿಕುನ್‌ಗುನ್ಯ: 2024ರಲ್ಲಿ ರಾಜ್ಯ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಡೆಂಗಿಗೆ ಈ ಮಾತ್ರೆಯಿಂದ ಯಾವುದೇ ಪ್ರಯೋಜನವಿಲ್ಲ. ಮಾತ್ರೆ ನುಂಗಿ ‘ನೋಡೋಣ’ ಎಂದು ಕಾಯುವ ಎರಡು–ಮೂರು ದಿನಗಳೇ ರಕ್ತಪರೀಕ್ಷೆಗೆ ಮುಖ್ಯವಾದ ದಿನಗಳಾಗಿರುತ್ತವೆ.
• ಸಾಮಾನ್ಯ ಗಂಟಲು ನೋವು: ಬಹುಪಾಲು ವೈರಸ್‌ನಿಂದಲೇ ಬರುತ್ತದೆ. ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದಿಂದ ಬಂದ ಗಂಟಲು ನೋವಿಗೆ ಪೆನಿಸಿಲಿನ್ ಅಥವಾ ಬರೀ ಅಮಾಕ್ಸಿಸಿಲಿನ್ ಸಾಕಾಗುತ್ತದೆ. ಆ ಬ್ಯಾಕ್ಟೀರಿಯಾ ಮೇಲೆ ಹೇಳಿದ ಕಿಣ್ವವನ್ನು ಉತ್ಪಾದಿಸುವುದಿಲ್ಲವಾದ್ದರಿಂದ ಕಾವಲಿನ ಔಷಧದ ಅವಶ್ಯಕತೆ ಇಲ್ಲ.
• ಕ್ಷಯರೋಗ: ಎರಡು ವಾರಕ್ಕೂ ಮೇಲ್ಪಟ್ಟ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇದ್ದಲ್ಲಿ ಕಫ ಪರೀಕ್ಷೆ ಮಾಡಿಸತಕ್ಕದ್ದು. ಒಂದೇ ಕೊಠಡಿಯಲ್ಲಿ ಹಲವರು ವಾಸಿಸುವ ಕಡೆಗಳಲ್ಲಿ ಇದು ಅತ್ಯವಶ್ಯ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಈ ಪರೀಕ್ಷೆ ಮತ್ತು ಚಿಕಿತ್ಸೆ ಉಚಿತ.
• ಬಹುತೇಕ ವಾಂತಿ–ಭೇದಿ: ಓಆರ್‌ಎಸ್ ದ್ರಾವಣವೇ ಮುಖ್ಯ ಚಿಕಿತ್ಸೆ. ಈ ಮಾತ್ರೆಯಿಂದ ಭೇದಿ ಇನ್ನೂ ಹೆಚ್ಚಬಹುದು.

6. ವೈದ್ಯರಿಗೆ ಮುಂಚಿತವಾಗಿ ತಿಳಿಸಬೇಕಾದ ವಿಷಯಗಳು

(1) ಪೆನಿಸಿಲಿನ್ ಅಲರ್ಜಿ: ಹಿಂದೆ ಪೆನಿಸಿಲಿನ್, ಆಂಪಿಸಿಲಿನ್, ಕ್ಲಾಕ್ಸಾಸಿಲಿನ್ ಅಥವಾ ಅಮಾಕ್ಸಿಸಿಲಿನ್ ಪಡೆದಾಗ ಮೈಮೇಲೆ ದದ್ದು, ಮುಖ ಊತ, ಉಸಿರಾಟದ ತೊಂದರೆ ಆಗಿದ್ದರೆ ತಪ್ಪದೆ ತಿಳಿಸುವುದು. ಯಾವ ಔಷಧದಿಂದ, ಎಷ್ಟು ಹೊತ್ತಿನಲ್ಲಿ, ಏನಾಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಗುರುತಿನ ಚೀಟಿಯ ಜೊತೆ ಇಟ್ಟುಕೊಳ್ಳುವುದು ಒಳಿತು. ಅಲರ್ಜಿ ಇದೆಯೆಂದು ಭಾವಿಸಿರುವ ಅನೇಕರಿಗೆ ಪರೀಕ್ಷೆಯ ನಂತರ ನಿಜವಾದ ಅಲರ್ಜಿ ಇಲ್ಲವೆಂದು ತಿಳಿದುಬರುತ್ತದೆ. ಆದರೆ ಆ ತೀರ್ಮಾನವನ್ನು ವೈದ್ಯರು ಮಾಡಬೇಕೇ ಹೊರತು ಮನೆಯಲ್ಲಿ ಪ್ರಯೋಗ ಮಾಡಿ ನೋಡತಕ್ಕದ್ದಲ್ಲ.

(2) ಹಿಂದೆ ಇದೇ ಔಷಧದಿಂದ ಕಾಮಾಲೆ ಆಗಿದ್ದರೆ: ಅಂತಹವರು ಇದನ್ನು ಮತ್ತೆ ಸೇವಿಸುವಂತಿಲ್ಲ.

(3) ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ: ಪ್ರಮಾಣವನ್ನು ಬದಲಿಸಬೇಕಾಗುತ್ತದೆ.

(4) ಇತರ ಔಷಧಗಳು: ಹೃದಯದ ಕವಾಟ ಬದಲಾವಣೆ ಮಾಡಿಸಿಕೊಂಡು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಸೇವಿಸುವವರಲ್ಲಿ ಈ ಪ್ರತಿಜೀವಕದಿಂದ ರಕ್ತಸ್ರಾವದ ಸಂಭವ ಹೆಚ್ಚಬಹುದು. ಹೃದ್ರೋಗ ಚಿಕಿತ್ಸೆಗಾಗಿ ದೂರದ ಊರುಗಳಿಂದ ಬಂದು ಬೊಮ್ಮಸಂದ್ರದಲ್ಲಿ ಕೊಠಡಿ ಹಿಡಿದು ತಂಗುವ ರೋಗಿಗಳು ಮತ್ತು ಅವರ ಸಂಬಂಧಿಕರು ಇದನ್ನು ವಿಶೇಷವಾಗಿ ಗಮನಿಸುವುದು. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್, ಯೂರಿಕ್ ಆಮ್ಲಕ್ಕೆ ಅಲೋಪ್ಯೂರಿನಾಲ್ ಸೇವಿಸುವವರೂ ವೈದ್ಯರಿಗೆ ತಿಳಿಸತಕ್ಕದ್ದು.

(5) ಗರ್ಭಿಣಿಯರು ಮತ್ತು ಬಾಣಂತಿಯರು: ಅಗತ್ಯವಿದ್ದಲ್ಲಿ ವೈದ್ಯರು ಇದನ್ನು ನೀಡುತ್ತಾರೆ. ಆದರೆ ಅವಧಿಗೆ ಮುನ್ನ ನೀರು ಒಡೆದ ಗರ್ಭಿಣಿಯರಲ್ಲಿ ಇದನ್ನು ಬಳಸಿದಾಗ ನವಜಾತ ಶಿಶುವಿನ ಕರುಳಿಗೆ ತೊಂದರೆಯಾಗುವ ಸಂಭವ ಹೆಚ್ಚೆಂದು 2001ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ. ಆದ್ದರಿಂದ ಗರ್ಭಿಣಿಯರು ಸ್ವಂತವಾಗಿ ಖರೀದಿಸಿ ಸೇವಿಸಲೇಬಾರದು.

7. ಸೇವಿಸುವ ಕ್ರಮ – ಪಾಳಿಯಲ್ಲಿ ಕೆಲಸ ಮಾಡುವವರಿಗೆ ಸೂಚನೆ

ಎಷ್ಟು ಮಾತ್ರೆ, ದಿನಕ್ಕೆ ಎಷ್ಟು ಬಾರಿ, ಎಷ್ಟು ದಿನ ಎಂಬುದನ್ನು ವೈದ್ಯರೇ ನಿರ್ಧರಿಸುತ್ತಾರೆ. ಮಾತ್ರೆಯನ್ನು ಊಟದ ಆರಂಭದಲ್ಲಿ ಸೇವಿಸಿದರೆ ಹೊಟ್ಟೆ ತೊಳಸುವುದು ಕಡಿಮೆಯಾಗುತ್ತದೆ ಮತ್ತು ಕ್ಲಾವುಲಾನಿಕ್ ಆಮ್ಲವು ದೇಹಕ್ಕೆ ಚೆನ್ನಾಗಿ ಸೇರುತ್ತದೆ.

‘ಬೆಳಿಗ್ಗೆ–ರಾತ್ರಿ’ ಎಂದು ಬರೆದಿರುವುದು ಹಗಲು ಕೆಲಸ ಮಾಡುವವರನ್ನು ಗಮನದಲ್ಲಿರಿಸಿಕೊಂಡು. ಈ ವಾರ ಮೊದಲ ಪಾಳಿ, ಮುಂದಿನ ವಾರ ರಾತ್ರಿ ಪಾಳಿ ಇರುವವರು ಊಟ–ನಿದ್ರೆಯ ಹೊತ್ತನ್ನು ಅನುಸರಿಸಿದರೆ ಮಾತ್ರೆಗಳ ನಡುವಿನ ಅಂತರ ಏರುಪೇರಾಗುತ್ತದೆ. ಆದ್ದರಿಂದ ಗಡಿಯಾರದ ಹೊತ್ತನ್ನೇ ಅನುಸರಿಸುವುದು ಸೂಕ್ತ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಗಂಟೆಗೆ ಪಾಳಿ ಬದಲಾಗುವ ಕಾರ್ಖಾನೆಗಳಲ್ಲಿ ಈ ಕ್ರಮವನ್ನು ಅನುಸರಿಸಬಹುದು:

• ದಿನಕ್ಕೆ ಎರಡು ಬಾರಿ ಇದ್ದಲ್ಲಿ: ಬೆಳಿಗ್ಗೆ 8 ಮತ್ತು ರಾತ್ರಿ 8. ಮೊದಲ ಪಾಳಿಯವರಿಗೆ ಬೆಳಿಗ್ಗೆ 8 ಕ್ಯಾಂಟೀನ್ ತಿಂಡಿಯ ಹೊತ್ತಿಗೆ ಸಮೀಪ. ಎರಡನೆಯ ಪಾಳಿಯವರಿಗೆ ರಾತ್ರಿ 8 ಊಟದ ಬಿಡುವಿಗೆ ಸಮೀಪ. ರಾತ್ರಿ ಪಾಳಿಯವರು ಹೊರಡುವ ಮುನ್ನ ಊಟದೊಂದಿಗೆ ಒಂದು, ಮನೆಗೆ ಬಂದು ತಿಂಡಿಯೊಂದಿಗೆ ಒಂದು ಸೇವಿಸಬಹುದು.
• ದಿನಕ್ಕೆ ಮೂರು ಬಾರಿ ಇದ್ದಲ್ಲಿ: ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10. ಪಾಳಿ ಬದಲಾಗುವ ಹೊತ್ತೇ ಮಾತ್ರೆಯ ಹೊತ್ತು. ಆ ವೇಳೆಗೆ ಊಟವಿಲ್ಲದಿದ್ದರೆ ಬಾಳೆಹಣ್ಣು ಅಥವಾ ಬಿಸ್ಕತ್ತಿನಂತಹ ಏನಾದರೂ ತಿಂದು ಸೇವಿಸುವುದು.

ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ಸೇವಿಸುವುದು. ಮುಂದಿನ ಮಾತ್ರೆಯ ಹೊತ್ತು ಸಮೀಪಿಸಿದ್ದರೆ ಮರೆತದ್ದನ್ನು ಬಿಟ್ಟುಬಿಡುವುದು. ಎರಡನ್ನು ಒಟ್ಟಿಗೆ ನುಂಗಬಾರದು.

ಕ್ಲಾವುಲಾನಿಕ್ ಆಮ್ಲವು ತೇವ ತಗುಲಿದರೆ ಬೇಗನೆ ಕೆಡುತ್ತದೆ. ಮಾತ್ರೆಯನ್ನು ಮುಂಚಿತವಾಗಿ ಸ್ಟ್ರಿಪ್‌ನಿಂದ ತೆಗೆದು ಜೇಬಿನಲ್ಲಿ, ಕಾಗದದ ಪೊಟ್ಟಣದಲ್ಲಿ ಅಥವಾ ಊಟದ ಡಬ್ಬಿಯಲ್ಲಿ ಇಡಬಾರದು. ತಗಡಿನ ಶೀಟಿನ ಮನೆಗಳಲ್ಲಿ ಮಾಡಿನ ಕೆಳಗಿನ ಅಟ್ಟ ಬಹಳ ಬಿಸಿಯಾಗುತ್ತದೆ. ಔಷಧವನ್ನು ಕೆಳಗೆ ತಂಪಾದ, ಒಣಗಿದ, ಮಕ್ಕಳ ಕೈಗೆಟುಕದ ಜಾಗದಲ್ಲಿ ಇಡುವುದು.

8. ಮಕ್ಕಳಿಗೆ ನೀಡುವ ಸಿರಪ್

ಮಕ್ಕಳ ಔಷಧವು ಬಾಟಲಿಯಲ್ಲಿ ಪುಡಿಯ ರೂಪದಲ್ಲಿರುತ್ತದೆ. ಕುದಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ ಚೆನ್ನಾಗಿ ಅಲುಗಾಡಿಸಬೇಕು. ನೀರು ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟು ಸಾಮಾನ್ಯವಾಗಿ 7 ದಿನಗಳೊಳಗೆ ಬಳಸಿ, ಉಳಿದದ್ದನ್ನು ಚೆಲ್ಲಬೇಕಾಗುತ್ತದೆ. ಬಾಟಲಿಯ ಮೇಲಿನ ಸೂಚನೆಯನ್ನು ಪಾಲಿಸುವುದು.

ಬಾಡಿಗೆ ಕೊಠಡಿಗಳಲ್ಲಿ ವಾಸಿಸುವ ಅನೇಕ ಕುಟುಂಬಗಳಲ್ಲಿ ಫ್ರಿಜ್ ಇರುವುದಿಲ್ಲ. ಹೊರಗಿಟ್ಟ ಸಿರಪ್ ನೋಡಲು ಹಾಗೆಯೇ ಇದ್ದರೂ ಅದರೊಳಗಿನ ಕಾವಲಿನ ಔಷಧ ಶಕ್ತಿ ಕಳೆದುಕೊಳ್ಳುತ್ತದೆ. ನೀರಿನ ಮಡಕೆಯ ಪಕ್ಕದಲ್ಲಿ ಇಡುವುದು ಫ್ರಿಜ್‌ಗೆ ಸಮನಾಗುವುದಿಲ್ಲ. ಆದಕಾರಣ ‘ನಮ್ಮ ಮನೆಯಲ್ಲಿ ಫ್ರಿಜ್ ಇಲ್ಲ’ ಎಂಬುದನ್ನು ಪೋಷಕರು ಸಂಕೋಚವಿಲ್ಲದೆ ವೈದ್ಯರಿಗೆ ತಿಳಿಸಬೇಕು. ನೀರಿನಲ್ಲಿ ಕರಗಿಸಿ ಕೊಡುವ ಮಕ್ಕಳ ಮಾತ್ರೆಗಳು ಲಭ್ಯವಿದ್ದು, ವೈದ್ಯರು ಅದನ್ನು ಬರೆದುಕೊಡಬಹುದು.

ಮಕ್ಕಳ ಪ್ರಮಾಣವು ತೂಕದ ಮೇಲೆ ನಿರ್ಧಾರವಾಗುತ್ತದೆ. ಅಡುಗೆಮನೆಯ ಚಮಚದಿಂದ ಅಳೆಯದೆ ಬಾಟಲಿಯ ಜೊತೆ ಬರುವ ಅಳತೆಯ ಮುಚ್ಚಳವನ್ನೇ ಬಳಸುವುದು. ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡಬಾರದು. ಅಣ್ಣನಿಗೆ ಬರೆದುಕೊಟ್ಟ ಸಿರಪ್ ಅನ್ನು ತಂಗಿಗೆ ಕುಡಿಸುವುದೂ ಸಲ್ಲದು.

9. ಅಡ್ಡ ಪರಿಣಾಮಗಳು

ಸಾಮಾನ್ಯವಾದವು: ಭೇದಿ, ವಾಕರಿಕೆ, ಹೊಟ್ಟೆನೋವು, ಬಾಯಿಯಲ್ಲಿ ಅಥವಾ ಜನನಾಂಗದಲ್ಲಿ ಶಿಲೀಂಧ್ರದ ಸೋಂಕು. ಸೌಮ್ಯವಾಗಿದ್ದರೆ ಔಷಧ ಮುಗಿದ ಮೇಲೆ ಕಡಿಮೆಯಾಗುತ್ತವೆ. ದದ್ದು ಕಾಣಿಸಿಕೊಂಡರೆ ಮುಂದಿನ ಮಾತ್ರೆಗೆ ಮೊದಲು ವೈದ್ಯರನ್ನು ಸಂಪರ್ಕಿಸುವುದು.

ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು:

• ಮಾತ್ರೆ ಸೇವಿಸಿದ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ತುಟಿ, ನಾಲಿಗೆ, ಮುಖ ಊದಿಕೊಳ್ಳುವುದು, ಉಸಿರು ಕಟ್ಟುವುದು, ತಲೆ ಸುತ್ತಿ ಬೀಳುವುದು. ಇದು ಪ್ರಾಣಾಪಾಯದ ಅಲರ್ಜಿ. ತಡಮಾಡದೆ 108ಕ್ಕೆ ಕರೆ ಮಾಡುವುದು.
• ಚರ್ಮದ ಮೇಲೆ ಬೊಬ್ಬೆ, ಬಾಯಿ–ಕಣ್ಣುಗಳಲ್ಲಿ ಹುಣ್ಣು.
• ರಕ್ತ ಮಿಶ್ರಿತ ಅಥವಾ ನಿಲ್ಲದ ನೀರು ಭೇದಿ.
• ಕಣ್ಣು–ಮೈ ಹಳದಿಯಾಗುವುದು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಮೈ ತುರಿಕೆ.

ಕೊನೆಯ ಲಕ್ಷಣದ ಬಗ್ಗೆ ಒಂದು ಮುಖ್ಯ ವಿಷಯ: ಈ ಔಷಧದಿಂದಾಗುವ ಕಾಮಾಲೆ ವಿರಳ, ವಯಸ್ಸಾದ ಪುರುಷರಲ್ಲಿ ಮತ್ತು ದೀರ್ಘಕಾಲ ಸೇವಿಸಿದವರಲ್ಲಿ ಹೆಚ್ಚು. ಆದರೆ ಅದು ಮಾತ್ರೆ ನಿಲ್ಲಿಸಿದ ಹಲವು ವಾರಗಳ ನಂತರವೂ ಕಾಣಿಸಿಕೊಳ್ಳಬಹುದು. ಅಷ್ಟರಲ್ಲಿ ರೋಗಿಯು ತಾನು ಸೇವಿಸಿದ ಮಾತ್ರೆಯನ್ನೇ ಮರೆತಿರುತ್ತಾನೆ. ಚೀಟಿಯಿಲ್ಲದೆ ಖರೀದಿಸಿದ್ದರೆ ಅದರ ದಾಖಲೆಯೂ ಇರುವುದಿಲ್ಲ. ವೈದ್ಯರಿಗೆ ಕಾರಣ ತಿಳಿಯುವುದು ಕಷ್ಟವಾಗುತ್ತದೆ. ಆದ್ದರಿಂದ ಔಷಧ ಚೀಟಿ ಮತ್ತು ಬಿಲ್ಲನ್ನು ಕನಿಷ್ಠ ಮೂರು ತಿಂಗಳು ಇಟ್ಟುಕೊಳ್ಳುವುದು.

10. ಎರಡು ಮಾತ್ರೆಯಿಂದ ಆಗುವ ನಷ್ಟ

ಉದಾಹರಣೆಗೆ, ಓರ್ವ ಕಾರ್ಮಿಕನಿಗೆ ಮೂತ್ರದ ಸೋಂಕು ತಗುಲಿದೆಯೆಂದು ಇಟ್ಟುಕೊಳ್ಳೋಣ. ಆತ ಅಂಗಡಿಯಿಂದ ಎರಡು ಮಾತ್ರೆ ಕೊಂಡು ಸೇವಿಸುತ್ತಾನೆ. ಉರಿ ಕಡಿಮೆಯಾಗುತ್ತದೆ, ಕೆಲಸಕ್ಕೆ ಹೋಗುತ್ತಾನೆ. ಔಷಧಕ್ಕೆ ಬೇಗ ಸಾಯುವ ಬ್ಯಾಕ್ಟೀರಿಯಾಗಳು ಸತ್ತು, ತಡೆದುಕೊಳ್ಳಬಲ್ಲವು ಉಳಿಯುತ್ತವೆ ಮತ್ತು ಬೆಳೆಯುತ್ತವೆ. ಕೆಲವು ವಾರಗಳಲ್ಲಿ ಸೋಂಕು ಮರಳಿ ಬರುತ್ತದೆ. ಈ ಬಾರಿ ಮಾತ್ರೆ ನಾಟುವುದಿಲ್ಲ. ಆಸ್ಪತ್ರೆಗೆ ದಾಖಲಾಗಿ ರಕ್ತನಾಳದ ಮೂಲಕ ಔಷಧ ಪಡೆಯಬೇಕಾಗುತ್ತದೆ. ಒಂದು ದಿನದ ಸಂಬಳ ಉಳಿಸಲು ಹೋಗಿ ಹತ್ತು ದಿನದ ಸಂಬಳವೂ ಆಸ್ಪತ್ರೆಯ ಖರ್ಚೂ ಮೈಮೇಲೆ ಬೀಳುತ್ತವೆ.

ಇಂತಹ ಬ್ಯಾಕ್ಟೀರಿಯಾ ಆ ಒಬ್ಬನಲ್ಲೇ ನಿಲ್ಲುವುದಿಲ್ಲ. ಒಂದೇ ಶೌಚಾಲಯ, ಒಂದೇ ಅಡುಗೆಮನೆ ಬಳಸುವವರಿಗೂ ಹರಡುತ್ತದೆ. ವಿಶ್ವದಾದ್ಯಂತ 2019ರಲ್ಲಿ ಔಷಧ ನಿರೋಧಕ ಬ್ಯಾಕ್ಟೀರಿಯಾಗಳಿಂದ ನೇರವಾಗಿ ಸುಮಾರು 12.7 ಲಕ್ಷ ಜನರು ಮೃತಪಟ್ಟರೆಂದು 2022ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ.

ಹಾಗೆಂದು ಹೆಚ್ಚು ದಿನ ಸೇವಿಸುವುದೂ ಸರಿಯಲ್ಲ. ಅನೇಕ ಸೋಂಕುಗಳಿಗೆ ಹಿಂದಿಗಿಂತ ಕಡಿಮೆ ದಿನಗಳ ಚಿಕಿತ್ಸೆ ಸಾಕೆಂದು ಈಗ ಕಂಡುಬಂದಿದೆ. ವೈದ್ಯರು ಬರೆದಷ್ಟು ದಿನ ಸೇವಿಸುವುದು. ಬೇಗ ಗುಣವಾಯಿತೆನಿಸಿದರೆ ಅಥವಾ ತೊಂದರೆಯಾದರೆ ಸ್ವತಃ ನಿಲ್ಲಿಸದೆ ಅವರನ್ನೇ ಕೇಳುವುದು.

11. ಖರೀದಿಸುವಾಗ ಗಮನಿಸಬೇಕಾದ ಅಂಶಗಳು

• ಈ ಔಷಧವು 1945ರ ಔಷಧ ನಿಯಮಗಳ ಅನುಸೂಚಿ ‘ಎಚ್’ಗೆ ಒಳಪಟ್ಟಿದೆ. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಇದನ್ನು ಮಾರುವಂತಿಲ್ಲ. ಸ್ಟ್ರಿಪ್‌ನ ಮೇಲಿನ ಕೆಂಪು ಗೆರೆ ಇದರ ಗುರುತು.
• ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕ ನಮೂದಿಸಿದ ಬಿಲ್ಲನ್ನು ಕೇಳಿ ಪಡೆಯುವುದು. ಸ್ಟ್ರಿಪ್ ಕತ್ತರಿಸಿ ಕೊಟ್ಟಾಗ ಈ ವಿವರಗಳು ಅಂಗಡಿಯಲ್ಲೇ ಉಳಿದುಹೋಗುವ ಸಾಧ್ಯತೆಯಿದೆ.
• ಈ ಔಷಧವು 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ಪಟ್ಟಿಯಲ್ಲಿರುವ ಔಷಧಗಳಿಗೆ ಸರ್ಕಾರ ಗರಿಷ್ಠ ಬೆಲೆ ನಿಗದಿಪಡಿಸುತ್ತದೆ.
• ಎರಡು ಔಷಧ ಸೇರಿಸಿದ ಮಾತ್ರೆಗಳೆಲ್ಲವೂ ಉತ್ತಮವೆಂದು ಭಾವಿಸಬಾರದು. ಅಮಾಕ್ಸಿಸಿಲಿನ್ ಜೊತೆ ಕಫ ಕರಗಿಸುವ ಬ್ರೋಮ್‌ಹೆಕ್ಸಿನ್ ಸೇರಿಸಿದ ಔಷಧವೂ ಒಳಗೊಂಡಂತೆ 14 ಸಂಯುಕ್ತ ಔಷಧಗಳನ್ನು ಕೇಂದ್ರ ಸರ್ಕಾರವು 2023ರ ಜೂನ್‌ನಲ್ಲಿ ನಿಷೇಧಿಸಿತು.
• ಅವಧಿ ಮುಗಿದ ಅಥವಾ ಉಳಿದ ಮಾತ್ರೆಗಳನ್ನು ಚರಂಡಿಗೆ, ಶೌಚಾಲಯಕ್ಕೆ ಅಥವಾ ಕೆರೆಗೆ ಹಾಕಬಾರದು. ಬೇರೆಯಾಗಿ ಸುತ್ತಿ, ಗುರುತು ಮಾಡಿ ಕಸ ಸಂಗ್ರಹಿಸುವವರಿಗೆ ನೀಡುವುದು.

12. ಚಿಕಿತ್ಸೆ ಪಡೆಯುವ ವಿಧಾನ

(ಅ) ಸರ್ಕಾರಿ ಆರೋಗ್ಯ ಸಂಸ್ಥೆಗಳು: ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಅಥವಾ ಆನೇಕಲ್‌ನ ಸರ್ಕಾರಿ ತಾಲ್ಲೂಕು ಆಸ್ಪತ್ರೆಯಲ್ಲಿ ಹೊರರೋಗಿ ಚೀಟಿ ಪಡೆದು ತಪಾಸಣೆ ಮಾಡಿಸಿಕೊಳ್ಳಬಹುದು.

(ಆ) ಇಎಸ್‌ಐ ವಿಮಾದಾರರು: ಇಎಸ್‌ಐ ಕಾರ್ಡ್ ಹೊಂದಿರುವ ಕಾರ್ಮಿಕರು ತಮ್ಮ ಕಾರ್ಡ್ ಜೋಡಣೆಯಾಗಿರುವ ಇಎಸ್‌ಐ ಚಿಕಿತ್ಸಾಲಯದಲ್ಲಿ ತಪಾಸಣೆ ಮತ್ತು ಔಷಧ ಪಡೆಯಲು ಅರ್ಹರು, ಅವಲಂಬಿತ ಕುಟುಂಬದವರಿಗೂ ಈ ಸೌಲಭ್ಯವಿದೆ. ವೈದ್ಯರು ವಿಶ್ರಾಂತಿ ಸೂಚಿಸಿ ಪ್ರಮಾಣಪತ್ರ ನೀಡಿದಲ್ಲಿ, ವಂತಿಗೆಯ ಷರತ್ತುಗಳಿಗೆ ಒಳಪಟ್ಟು, ಸಂಬಳದ ಶೇ. 70ರ ದರದಲ್ಲಿ ವರ್ಷಕ್ಕೆ 91 ದಿನಗಳವರೆಗೆ ಅನಾರೋಗ್ಯ ಭತ್ಯೆ ದೊರೆಯುತ್ತದೆ. ಮೊದಲ ಎರಡು ದಿನಗಳಿಗೆ ಸಾಮಾನ್ಯವಾಗಿ ಭತ್ಯೆ ಇರುವುದಿಲ್ಲ. ಪ್ರಮಾಣಪತ್ರವಿಲ್ಲದ ಗೈರುಹಾಜರಿಗೆ ಭತ್ಯೆ ಸಿಗುವುದಿಲ್ಲವಾದ್ದರಿಂದ ಅಂಗಡಿಯ ಮಾತ್ರೆ ನುಂಗಿ ಮನೆಯಲ್ಲಿ ಮಲಗುವ ಕಾರ್ಮಿಕನು ತನಗೆ ಸಲ್ಲಬೇಕಾದ ಹಣವನ್ನೂ ಕಳೆದುಕೊಳ್ಳುತ್ತಾನೆ.

(ಇ) ಇ-ಸಂಜೀವಿನಿ: ಆಸ್ಪತ್ರೆಗೆ ಬರಲು ಸಾಧ್ಯವಾಗದವರು ಮೊಬೈಲ್ ಮೂಲಕ ಈ ಉಚಿತ ಸೇವೆಯಲ್ಲಿ ವೈದ್ಯರೊಂದಿಗೆ ಮಾತನಾಡಿ ಸಲಹೆ ಪಡೆಯಬಹುದು.

ದೂರು ಮತ್ತು ಮಾಹಿತಿ: ಔಷಧದಿಂದ ಅಡ್ಡ ಪರಿಣಾಮ ಉಂಟಾದಲ್ಲಿ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ರೋಗಿಗಳೇ ತಿಳಿಸಬಹುದು. ಚೀಟಿಯಿಲ್ಲದೆ ಮಾರಾಟ, ಬಿಲ್ಲು ನೀಡದಿರುವುದು ಅಥವಾ ನಕಲಿ ಔಷಧದ ಅನುಮಾನವಿದ್ದಲ್ಲಿ ಆ ಪ್ರದೇಶದ ಔಷಧ ನಿರೀಕ್ಷಕರಿಗೆ ಬಿಲ್ಲು ಹಾಗೂ ಸ್ಟ್ರಿಪ್ ಸಮೇತ ಲಿಖಿತ ದೂರು ಸಲ್ಲಿಸತಕ್ಕದ್ದು.

13. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಕಳೆದ ವರ್ಷ ಇದೇ ಕೆಮ್ಮಿಗೆ ವೈದ್ಯರು ಇದನ್ನೇ ಬರೆದಿದ್ದರು. ಆ ಚೀಟಿಯನ್ನು ಮತ್ತೆ ಬಳಸಬಹುದೇ?
ಉತ್ತರ: ಬಳಸಬಾರದು. ಲಕ್ಷಣ ಒಂದೇ ಆದರೂ ಕಾರಣ ಬೇರೆ ಇರಬಹುದು.

ಪ್ರಶ್ನೆ: ಕಡಿಮೆ ಬೆಲೆಯ ಜನೌಷಧಿ ಮಾತ್ರೆಯ ಶಕ್ತಿಯೂ ಕಡಿಮೆಯೇ?
ಉತ್ತರ: ಇಲ್ಲ. ಮೂಲ ಔಷಧ ಮತ್ತು ಅದರ ಪ್ರಮಾಣ ಒಂದೇ ಆಗಿದ್ದು, ಗುಣಮಟ್ಟದ ನಿಯಮಗಳೂ ಒಂದೇ ಆಗಿವೆ.

ಪ್ರಶ್ನೆ: ಮಜ್ಜಿಗೆ, ಮೊಸರು ಸೇವಿಸಬಹುದೇ? ಮದ್ಯಪಾನ?
ಉತ್ತರ: ಮಜ್ಜಿಗೆ, ಮೊಸರಿಗೆ ಅಡ್ಡಿಯಿಲ್ಲ. ಯಕೃತ್ತಿನ ಹಿತದೃಷ್ಟಿಯಿಂದ ಚಿಕಿತ್ಸೆ ಮುಗಿಯುವವರೆಗೆ ಮದ್ಯಪಾನ ಬೇಡ.

ಪ್ರಶ್ನೆ: ಗರ್ಭನಿರೋಧಕ ಮಾತ್ರೆಯ ಪರಿಣಾಮ ಕಡಿಮೆಯಾಗುವುದೇ?
ಉತ್ತರ: ಸಾಮಾನ್ಯವಾಗಿ ಇಲ್ಲ. ಆದರೆ ವಾಂತಿ ಅಥವಾ ತೀವ್ರ ಭೇದಿಯಾದಲ್ಲಿ ಆ ಮಾತ್ರೆ ದೇಹಕ್ಕೆ ಸೇರದಿರಬಹುದು. ಬೇರೆ ಕ್ರಮವನ್ನೂ ಅನುಸರಿಸುವುದು.

ಪ್ರಶ್ನೆ: ವೈದ್ಯರು ಪ್ರತಿಜೀವಕ ಬರೆಯಲಿಲ್ಲ. ಚಿಕಿತ್ಸೆ ಸರಿಯಾಗಿ ಆಗಲಿಲ್ಲವೆಂದು ಅರ್ಥವೇ?
ಉತ್ತರ: ಅಲ್ಲ. ಪರೀಕ್ಷಿಸಿ ಅಗತ್ಯವಿಲ್ಲವೆಂದು ನಿರ್ಧರಿಸುವುದೂ ಚಿಕಿತ್ಸೆಯೇ. ಯಾವ ಲಕ್ಷಣ ಕಂಡರೆ ಮರಳಿ ಬರಬೇಕೆಂಬುದನ್ನು ಕೇಳಿ ತಿಳಿದುಕೊಳ್ಳುವುದು.

14. ವಿನಂತಿ

ಬೊಮ್ಮಸಂದ್ರ ಸುತ್ತಮುತ್ತ ಕನ್ನಡ ಓದಲು ಬಾರದ ಕಾರ್ಮಿಕರೂ ವಾಸವಾಗಿದ್ದಾರೆ. ಈ ಮಾಹಿತಿಯನ್ನು ಓದಿದ ನಾಗರಿಕರು ಪಕ್ಕದ ಕೊಠಡಿಯವರಿಗೆ, ಒಂದೇ ಪಾಳಿಯ ಸಹೋದ್ಯೋಗಿಗಳಿಗೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕೋರಲಾಗಿದೆ.

ಗಮನಿಸಿ: ಮೇಲ್ಕಂಡ ವಿವರಗಳು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ. ಇವು ವೈದ್ಯರ ತಪಾಸಣೆ ಮತ್ತು ಸಲಹೆಗೆ ಪರ್ಯಾಯವಲ್ಲ.